ಜನ್ನನ ‘ಯಶೋಧರ ಚರಿತೆ’: ಅರಮನೆಯ ಒಳಸಂಚು ಮತ್ತು ಸಂಕಲ್ಪಹಿಂಸೆ

ಅಧಿಕಾರ, ಒಳಸಂಚು, ನಿಷಿದ್ಧ ಪ್ರೇಮ ಇವು ಲೌಕಿಕ ಕಥೆಗಾರರಿಗೆ ಪ್ರಿಯವಾದ ವಸ್ತುಗಳು. ಓದುಗನ ಕುತೂಹಲವನ್ನು ಕೊನೆಯ ಪುಟದವರೆಗೆ ಹಿಡಿದಿಡುವ ಶಕ್ತಿ ಇವುಗಳಿಗಿದೆ. ಧರ್ಮನಿಷ್ಠನಾದ ಕವಿಯು ಇಂತಹ ವಸ್ತುವನ್ನು ಕೈಗೆತ್ತಿಕೊಳ್ಳಬಹುದೇ? ಕೈಗೆತ್ತಿಕೊಂಡರೆ ಹೇಗೆ ನಿರ್ವಹಿಸಬೇಕು? ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ದೊರೆತು ಎಂಟು ಶತಮಾನಗಳು ಕಳೆದಿವೆ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯೇ ಆ ಉತ್ತರ.

ಜನ್ನನು ಅರಮನೆಯನ್ನು ಹೊರಗಿನಿಂದ ಕಂಡವನಲ್ಲ. ಹೊಯ್ಸಳ ಚಕ್ರವರ್ತಿ ಇಮ್ಮಡಿ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎಂಬ ಬಿರುದನ್ನು ಪಡೆದ ಆತನು ಮಂತ್ರಿಯೂ ದಂಡಾಧೀಶನೂ ಆಗಿದ್ದನು. ಆತನಿಗಿಂತ ಪೂರ್ವದಲ್ಲಿ, 959ರಲ್ಲಿ, ಇದೇ ಕಥೆಯನ್ನು ಸಂಸ್ಕೃತದ ‘ಯಶಸ್ತಿಲಕ ಚಂಪೂ’ವಿನಲ್ಲಿ ವಿಸ್ತರಿಸಿದ ಸೋಮದೇವಸೂರಿಗಳು ‘ನೀತಿವಾಕ್ಯಾಮೃತ’ವೆಂಬ ರಾಜನೀತಿ ಗ್ರಂಥದ ಕರ್ತೃಗಳೂ ಹೌದು. ರಾಜ್ಯಾಂಗದ ಮರ್ಮವನ್ನು ಅರಿತವರೇ ಈ ಕಥೆಯನ್ನು ಬೆಳೆಸಿದರೆಂಬುದು ಗಮನಾರ್ಹ.

ಕಥೆ ಸುಪರಿಚಿತ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ. ರಾತ್ರಿಯ ನೀರವದಲ್ಲಿ ಕೇಳಿಬಂದ ಗಾನಕ್ಕೆ ಮನಸೋತ ಆಕೆ, ಹಾಡಿದವನು ಕುರೂಪಿಯಾದ ಮಾವುತನೆಂದು ತಿಳಿದ ಮೇಲೂ ಅವನಲ್ಲಿ ಅನುರಕ್ತಳಾಗುತ್ತಾಳೆ. ಮರೆಯಲ್ಲಿ ನಿಂತು ಇದನ್ನು ಕಂಡ ಅರಸನು ಎತ್ತಿದ ಖಡ್ಗವನ್ನು ತಡೆದುಕೊಳ್ಳುತ್ತಾನೆ. ಆದರೆ ತಾಯಿ ಚಂದ್ರಮತಿಗೆ ಸತ್ಯವನ್ನು ತಿಳಿಸದೆ, ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಪರಿಹಾರವಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯಲು ಅರಸನು ಸಮ್ಮತಿಸುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿಯೇ ಕೂಗುತ್ತದೆ! ಮುಂದೆ ವೈರಾಗ್ಯ ತಾಳಿ ರಾಜ್ಯವನ್ನು ಮಗನಿಗೊಪ್ಪಿಸಲು ಹೊರಟ ಅರಸನನ್ನೂ ಆತನ ತಾಯಿಯನ್ನೂ ಅಮೃತಮತಿಯು ಭೋಜನಕ್ಕೆ ಕರೆದು ವಿಷವಿಕ್ಕಿ ಕೊಲ್ಲುತ್ತಾಳೆ.

ಸಾಮಾನ್ಯ ಕಥೆಗಾರನಾಗಿದ್ದರೆ ಇಲ್ಲಿಗೆ ಮುಗಿಸುತ್ತಿದ್ದನು. ಅಥವಾ ಅಪರಾಧಿಗೆ ಶಿಕ್ಷೆ ವಿಧಿಸಿ ತೃಪ್ತನಾಗುತ್ತಿದ್ದನು. ಜನ್ನನೂ ಅಮೃತಮತಿಯನ್ನು ಕ್ಷಮಿಸುವುದಿಲ್ಲ, ಅವಳಿಗೆ ನರಕವೇ ಗತಿ. ಆದರೆ ಕವಿಯು ಜನ್ಮಜನ್ಮಾಂತರಗಳವರೆಗೆ ಬೆನ್ನು ಹತ್ತಿ ಹೋಗುವುದು ಕೊಂದವಳನ್ನಲ್ಲ, ಕೊಲೆಗೀಡಾದ ತಾಯಿಮಕ್ಕಳನ್ನು. ಅವರು ನಾಯಿ ನವಿಲುಗಳಿಂದ ಮೊದಲುಗೊಂಡು ಪಶುಪಕ್ಷಿಗಳಾಗಿ ಹುಟ್ಟಿ, ಪ್ರತಿಬಾರಿಯೂ ಹಿಂಸೆಗೆ ಬಲಿಯಾಗುತ್ತಾರೆ.

ಕೊಂದದ್ದು ಹಿಟ್ಟಿನ ಕೋಳಿ. ಅಲ್ಲಿ ಯಾವ ಪ್ರಾಣವೂ ಹೋಗಲಿಲ್ಲ. ಆದರೆ ಕೊಲ್ಲುವ ಭಾವವಿತ್ತು. ಇದೇ ಸಂಕಲ್ಪಹಿಂಸೆ. ದ್ರವ್ಯಹಿಂಸೆ ಘಟಿಸದಿದ್ದರೂ ಭಾವಹಿಂಸೆಯು ಕರ್ಮಬಂಧಕ್ಕೆ ಕಾರಣವೆಂಬ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ಮನಗಾಣಿಸುವ ಕಾವ್ಯ ವಿರಳ. ಒಂದು ಸುಳ್ಳು ಭಯವನ್ನು ಹುಟ್ಟಿಸಿತು, ಭಯವು ಬಲಿಯನ್ನು ಬೇಡಿತು, ತಾಯಿಯ ಮೇಲಿನ ದಾಕ್ಷಿಣ್ಯವು ಅರಸನ ಕೈಗೆ ಖಡ್ಗವನ್ನು ಕೊಟ್ಟಿತು. ರಾಣಿಯ ಸಂಚಿಗಿಂತ ಮೊದಲೇ ಅರಸನು ತನ್ನನ್ನು ತಾನೇ ವಂಚಿಸಿಕೊಂಡಿದ್ದನು.

ಕಥೆಯನ್ನು ಹೇಳಿಸಿದ ಸಂದರ್ಭವೂ ಅರ್ಥಪೂರ್ಣವಾದುದು. ಚಂಡಮಾರಿಗೆ ನರಬಲಿ ಕೊಡಲು ಸಿದ್ಧನಾಗಿ ನಿಂತ ಮಾರಿದತ್ತ ರಾಜನೇ ಇದರ ಶ್ರೋತೃ. ಬಲಿಗಾಗಿ ಹಿಡಿದು ತಂದ ಬಾಲಕ ಅಭಯರುಚಿಯೇ ವಕ್ತಾರ. ಹಿಂದೆ ಯಶೋಧರನಾಗಿದ್ದವನು ಆತನೇ. ಜೊತೆಯಲ್ಲಿದ್ದ ತಂಗಿ ಅಭಯಮತಿಯೇ ಅಂದಿನ ಚಂದ್ರಮತಿ. ಕಥೆ ಮುಗಿಯುವಷ್ಟರಲ್ಲಿ ಮಾರಿದತ್ತನು ಹಿಂಸೆಯನ್ನು ತೊರೆಯುತ್ತಾನೆ. ರೋಚಕ ವಸ್ತುವನ್ನು ಬರೆಯುವವನ ಹೊಣೆ ಯಾವುದೆಂಬುದನ್ನು ಜನ್ನನು ಹೀಗೆ ಸೂಚಿಸಿದ್ದಾನೆ. ಕೇಳಿದವನ ಕೈಯಿಂದ ಆಯುಧ ಜಾರದಿದ್ದರೆ ಆ ಕಥನ ಕೇವಲ ವಿನೋದವಾಗಿ ಉಳಿಯುತ್ತದೆ.

ಹಿಟ್ಟಿನ ಕೋಳಿ ಅರಮನೆಗೆ ಮಾತ್ರ ಸೀಮಿತವಲ್ಲ. ವ್ಯವಹಾರದಲ್ಲಿ ಕಾಗದಪತ್ರಗಳನ್ನೆಲ್ಲ ಕ್ರಮಬದ್ಧವಾಗಿರಿಸಿ ಎದುರಿನವನಿಗೆ ಕೇಡು ಬಗೆಯುವುದು, ಸಂಸ್ಥೆಯ ಸಭೆಯಲ್ಲಿ ನಿಯಮದ ಅಕ್ಷರವನ್ನು ಪಾಲಿಸಿ ಅದರ ಆಶಯವನ್ನು ಕೊಲ್ಲುವುದು, ಮನೆಯ ಶಾಂತಿಯ ಹೆಸರಿನಲ್ಲಿ ತಪ್ಪಿಗೆ ಸಮ್ಮತಿಸುವುದು ಇವೆಲ್ಲ ಅದರ ರೂಪಾಂತರಗಳೇ. ಲೆಕ್ಕಪರಿಶೋಧಕರು ಪುಸ್ತಕದಲ್ಲಿ ಬರೆದುದನ್ನು ಮಾತ್ರ ನೋಡಬಲ್ಲರು. ಕರ್ಮವು ಬರೆಯದ ಸಂಕಲ್ಪವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದುದರಿಂದ ಶ್ರಾವಕನು ಕೃತಿಗೆ ಮುನ್ನ ತನ್ನ ಭಾವವನ್ನು ಪರೀಕ್ಷಿಸಿಕೊಳ್ಳುವುದೇ ಶ್ರೇಯಸ್ಕರ.