ಯಂತ್ರಪುತ್ರಿಕೆಯೂ ಜನರ ನಡೆನುಡಿಯೂ: ಮುಧೋಳ ಸೀಮೆಯಿಂದ ಒಂದು ವಿವೇಚನೆ

ಮನುಷ್ಯನ ಅಥವಾ ಪ್ರಾಣಿಯ ಆಕಾರವನ್ನು ಹೊಂದಿ, ಎದುರಿಗೆ ಬಂದವರನ್ನು ಮಾತನಾಡಿಸುವ, ಉಪಚರಿಸುವ ಯಂತ್ರಗಳಿಗೆ ಈಚೆಗೆ ಸಾಮಾಜಿಕ ರೋಬೋಟುಗಳೆಂಬ ಹೆಸರು ರೂಢವಾಗಿದೆ. ಇವುಗಳೊಡನೆ ಜನರು ಹೇಗೆ ವ್ಯವಹರಿಸುತ್ತಾರೆ, ಆ ವ್ಯವಹಾರವನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಯಂತ್ರಶಿಲ್ಪಿಗಳೂ ಕೈಗೆತ್ತಿಕೊಂಡಿರುವರು. ಇತಿಹಾಸದ ಅಭ್ಯಾಸಿಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಪ್ರಶ್ನೆಯು ಹೊಸತಲ್ಲವೆಂಬುದು ಮೊದಲನೆಯ ಸಮಾಧಾನ. ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದೆವೆಂಬುದು ಉತ್ತರವನ್ನೇ ಬದಲಿಸಬಲ್ಲುದೆಂಬುದು ಎರಡನೆಯದು. ಪ್ರಕೃತ ಲೇಖನವು ಮುಖ್ಯವಾಗಿ ಈ ಎರಡನೆಯದನ್ನು ಕುರಿತದ್ದು.

ಇಲ್ಲಿ ಮುಧೋಳವೆಂದರೆ ರನ್ನನ ಮುಧೋಳವಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳ. ಇದೇ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ. ಶ. 972ರಲ್ಲಿ ಪರಮಾರರ ದೊರೆ ಸೀಯಕನು ಅದನ್ನು ಸೂರೆಗೊಂಡನು. ಆ ಸೀಯಕನ ಮೊಮ್ಮಗನೇ ಧಾರಾನಗರದ ಭೋಜರಾಜ. ಅವನ ಹೆಸರಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ರಚಿತವಾದ ‘ಸಮರಾಂಗಣ ಸೂತ್ರಧಾರ’ವೆಂಬ ವಾಸ್ತುಗ್ರಂಥದ 31ನೆಯ ಅಧ್ಯಾಯವು ಯಂತ್ರಗಳಿಗೆ ಮೀಸಲಾಗಿದೆ. ಕೀಲುಗಳಿಂದಲೂ ಸೂತ್ರಗಳಿಂದಲೂ ಅವಯವಗಳನ್ನಾಡಿಸುವ ಮರದ ಸ್ತ್ರೀಪುರುಷ ಪ್ರತಿಮೆಗಳು ಅಲ್ಲಿ ವರ್ಣಿತವಾಗಿವೆ. ಅವು ತಾಂಬೂಲ ಕೊಡುತ್ತವೆ, ನೀರು ಚಿಮುಕಿಸುತ್ತವೆ, ಕನ್ನಡಿ ನೋಡಿಕೊಳ್ಳುತ್ತವೆ. ಬಾಗಿಲಲ್ಲಿ ನಿಂತು ಒಳಬರುವವರನ್ನು ತಡೆಯುವ ಪ್ರತಿಮೆಯೂ ಉಂಟು. ರಚನೆಯ ಕ್ರಮವನ್ನು ಪೂರ್ತಿಯಾಗಿ ಹೇಳದಿರುವುದು ಗೋಪ್ಯಕ್ಕಾಗಿಯೇ ಹೊರತು ಅಜ್ಞಾನದಿಂದಲ್ಲವೆಂದು ಗ್ರಂಥಕಾರನು ಎಚ್ಚರಿಸುತ್ತಾನೆ. ಈ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ವಾಚಕರಿಗೇ ಬಿಡುವುದು ಲೇಸು. ನಮಗೆ ಪ್ರಸ್ತುತವಾದ ಕೊರತೆ ಬೇರೆ: ಪುತ್ರಿಕೆಯು ಏನು ಮಾಡುತ್ತದೆಂಬುದನ್ನು ಗ್ರಂಥವು ಹೇಳುತ್ತದೆ, ತಾಂಬೂಲವನ್ನು ಪಡೆದವನು ಏನು ಮಾಡಿದನೆಂಬುದನ್ನು ಹೇಳುವುದಿಲ್ಲ.

ಅದನ್ನು ಹೇಳುವ ಒಂದು ಕಥೆಯು ಬೌದ್ಧ ಸಾಹಿತ್ಯದಲ್ಲಿದೆ. ಮಧ್ಯ ಏಷ್ಯದ ತೋಖಾರೀ ಭಾಷೆಯಲ್ಲಿಯೂ ಟಿಬೆಟ್ಟಿನಲ್ಲಿಯೂ ಅದರ ರೂಪಗಳು ಉಳಿದು ಬಂದಿವೆ. ಚಿತ್ರಕಾರನೊಬ್ಬನು ಯಂತ್ರಾಚಾರ್ಯನ ಮನೆಗೆ ಅತಿಥಿಯಾಗಿ ಬರುತ್ತಾನೆ. ರಾತ್ರಿ ಅವನ ಉಪಚಾರಕ್ಕೆ ಒಬ್ಬ ಯುವತಿಯನ್ನು ಬಿಟ್ಟು ಆಚಾರ್ಯನು ಹೊರಟುಹೋಗುತ್ತಾನೆ. ಅತಿಥಿ ಅವಳನ್ನು ಮಾತನಾಡಿಸಿ ಕೈಹಿಡಿದು ಎಳೆದಾಗ ಅವಳು ಮರದ ತುಂಡುಗಳಾಗಿ ಕುಸಿಯುತ್ತಾಳೆ. ನಾಚಿಕೆಗೊಂಡ ಚಿತ್ರಕಾರನು ತಾನು ನೇಣುಹಾಕಿಕೊಂಡಂತೆ ಗೋಡೆಯ ಮೇಲೆ ಚಿತ್ರ ಬರೆದು ಮರೆಯಲ್ಲಿ ನಿಲ್ಲುತ್ತಾನೆ. ಬೆಳಿಗ್ಗೆ ಯಂತ್ರಾಚಾರ್ಯನು ಅದನ್ನು ನಿಜವೆಂದೇ ನಂಬಿ ಗಾಬರಿಗೊಳ್ಳುತ್ತಾನೆ. ಈ ಕಥೆಯನ್ನು ಶಿಲ್ಪಚಾತುರ್ಯದ ಸ್ಪರ್ಧೆಯೆಂದು ಓದುವುದು ವಾಡಿಕೆ. ನನಗೆ ಅದು ಪರೀಕ್ಷೆಯ ಕಥೆಯಾಗಿ ತೋರುತ್ತದೆ. ಅತಿಥಿಯ ನಡತೆಯು ಅವನಿಗರಿವಿಲ್ಲದೆ ಅಳತೆಗೊಳಗಾಯಿತು. ಎದುರಿಗಿರುವುದು ಏನೆಂಬುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ಅವನ ನಾಚಿಕೆಯು ಮರವನ್ನು ಮುಟ್ಟಿದ್ದಕ್ಕಾಗಿ ಹುಟ್ಟಿದುದಲ್ಲ, ಬಯಲಾದುದಕ್ಕಾಗಿ.

ಇಂದಿನ ಅಳತೆಗೋಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2009ರಲ್ಲಿ ಬಾರ್ಟ್‌ನೆಕ್ ಮತ್ತು ಸಂಗಡಿಗರು ಪ್ರಕಟಿಸಿದ ‘ಗಾಡ್‌ಸ್ಪೀಡ್’ ಪ್ರಶ್ನಾವಳಿ. ಮನುಷ್ಯಸಾದೃಶ್ಯ, ಸಜೀವತೆ, ಪ್ರಿಯತೆ, ಬುದ್ಧಿ, ಸುರಕ್ಷಿತತೆ ಎಂಬ ಐದು ವಿಷಯಗಳಲ್ಲಿ ವಿರುದ್ಧ ಗುಣವಾಚಕಗಳ ಜೋಡಿಗಳ ನಡುವೆ ಜನರು ಅಂಕ ಹಾಕಬೇಕು. ಇದರ ಸೌಲಭ್ಯವನ್ನು ಅಲ್ಲಗಳೆಯಲಾಗದು. ಆದರೆ ಮರ್ಯಾದೆಯು ಅಂಕದ ಮೇಲೆ ಬೀರುವ ಪ್ರಭಾವವನ್ನು ಮರೆಯಬಾರದು. ಗಣಕಯಂತ್ರವೊಂದನ್ನು ಕುರಿತ ಅಭಿಪ್ರಾಯವನ್ನು ಅದೇ ಯಂತ್ರವು ಕೇಳಿದಾಗ ಜನರು ಮೃದುವಾಗಿಯೂ ಬೇರೆಡೆ ಕೇಳಿದಾಗ ನಿಷ್ಠುರವಾಗಿಯೂ ಉತ್ತರಿಸಿದರೆಂಬುದನ್ನು ರೀವ್ಸ್ ಮತ್ತು ನಾಸ್ ಎಂಬ ವಿದ್ವಾಂಸರು ತಮ್ಮ 1996ರ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಮನೆಗೆ ಬಂದವರೆದುರು ‘ಊಟ ಹೇಗಿತ್ತು’ ಎಂದು ಕೇಳಿ ಪಡೆದ ಉತ್ತರದಿಂದ ಅಡುಗೆಯನ್ನು ನಿರ್ಣಯಿಸಲು ನಮ್ಮ ಸೀಮೆಯ ಯಾವ ಗೃಹಿಣಿಯೂ ಒಪ್ಪಲಾರಳು.

ಇದು ಕೇವಲ ಶಾಸ್ತ್ರದ ಜಗಳವಲ್ಲ. ಬೆಂಗಳೂರಿನ ಇನ್ವೆಂಟೊ ಸಂಸ್ಥೆಯು ನಿರ್ಮಿಸಿದ ‘ಮಿತ್ರ’ವು 2017ರ ನವೆಂಬರಿನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಸಮ್ಮೇಳನದಲ್ಲಿ ಅತಿಥಿಗಳನ್ನು ಸ್ವಾಗತಿಸಿತು. 2020ರ ಸಾಂಕ್ರಾಮಿಕದ ದಿನಗಳಲ್ಲಿ ನೋಯ್ಡಾದ ಆಸ್ಪತ್ರೆಯೊಂದರಲ್ಲಿ ಅದರ ಎದೆಯ ಮೇಲಿನ ಪರದೆಯ ಮೂಲಕ ರೋಗಿಗಳು ತಮ್ಮವರ ಮುಖವನ್ನು ಕಂಡರು. ಮಕ್ಕಳು ದುಡಿಮೆಗಾಗಿ ಹೈದರಾಬಾದು ಬೆಂಗಳೂರುಗಳಿಗೆ ಹೋಗಿ ವೃದ್ಧರಷ್ಟೇ ಉಳಿದ ಮನೆಗಳು ಸೇಡಂ, ಚಿಂಚೋಳಿಗಳ ಹಳ್ಳಿಗಳಲ್ಲಿ ಅನೇಕವಿವೆ. ಇಂಥ ಯಂತ್ರವು ಆ ಮನೆಗಳನ್ನು ಎಂದಾದರೂ ಪ್ರವೇಶಿಸುವುದಾದರೆ, ‘ಮುದುಕರಿಗೆ ಇದು ಇಷ್ಟವಾಗಿದೆ’ ಎಂಬ ಅಂಕಪಟ್ಟಿಯೊಂದರ ಬಲದಿಂದಲೇ ಪ್ರವೇಶಿಸುವುದು. ಆ ಪಟ್ಟಿಯಲ್ಲಿ ಸೌಜನ್ಯವೆಷ್ಟು, ಸ್ನೇಹವೆಷ್ಟು ಎಂದು ಬೇರ್ಪಡಿಸದೆ ಬಿಡುವುದು ಅನ್ಯಾಯ.

ಮೇಲೆ ‘ಸ್ವಾಗತಿಸಿತು’ ಎಂದು ಬರೆದಿದ್ದೇನೆ. ‘ಸ್ವಾಗತಿಸಿದನು’ ಎನ್ನಲು ಲೇಖನಿ ಒಪ್ಪದು. (ಸ್ನೇಹಿತನೆಂಬ ಅರ್ಥದ ಮಿತ್ರಶಬ್ದವು ಸಂಸ್ಕೃತದಲ್ಲಿ ನಪುಂಸಕಲಿಂಗವೆಂಬುದು ಇಲ್ಲಿ ವಿನೋದಕರವಾಗಿದೆ.) ಕನ್ನಡವು ಲಿಂಗವನ್ನು ಬಹುಮಟ್ಟಿಗೆ ಅರ್ಥದಿಂದ ನಿರ್ಣಯಿಸುವ ಭಾಷೆ, ಹದಿಮೂರನೆಯ ಶತಮಾನದ ಕೇಶಿರಾಜನೂ ಇದನ್ನು ವಿವೇಚಿಸಿದ್ದಾನೆ. ಆದುದರಿಂದ ಕನ್ನಡಿಗನು ರೋಬೋಟನ್ನು ‘ಅವನು’ ಎಂದನೋ ‘ಅದು’ ಎಂದನೋ ಎಂಬುದೇ ಪ್ರಶ್ನಾವಳಿಯ ಹಂಗಿಲ್ಲದ ಒಂದು ಅಳತೆ. ಕೇಳಿದಾಗ ಕೊಡುವ ಉತ್ತರದಲ್ಲಿ ಮರ್ಯಾದೆ ನುಸುಳಬಹುದು. ಕ್ರಿಯಾಪದದ ಕೊನೆಯಲ್ಲಿ ಅದು ನುಸುಳುವುದು ಕಷ್ಟ.

ಆದರೆ ಈ ಅಳತೆಯು ಮುಧೋಳದಲ್ಲಿ ಸುಲಭವಾಗಿ ನಡೆಯಲಾರದು. ನಿಜಾಮರ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬೀದಿಯ ಭಾಷೆಗಳು. 1956ರ ರಾಜ್ಯಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಗಡಿಯು ಸರಿಯಿತು, ಮಾತು ಸರಿಯಲಿಲ್ಲ. ತೆಲುಗಿನಲ್ಲಿ ಏಕವಚನದ ಕ್ರಿಯಾಪದವು ಹೆಂಗಸಿಗೂ ವಸ್ತುವಿಗೂ ಒಂದೇ; ‘ವಚ್ಚಿಂದಿ’ ಎಂದರೆ ಬಂದಳೂ ಹೌದು, ಬಂದಿತೂ ಹೌದು. ಉರ್ದುವಿನಲ್ಲಿ ನಪುಂಸಕಲಿಂಗವೇ ಇಲ್ಲ, ಕುರ್ಚಿಯೂ ಸ್ತ್ರೀಲಿಂಗ. ಆದುದರಿಂದ ಹೆಣ್ಣಿನ ಆಕಾರದ ಒಂದೇ ಯಂತ್ರವನ್ನು ಕುರಿತು ಒಂದೇ ಓಣಿಯ ಮೂವರು ಆಡಿದ ಮಾತುಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿದರೆ ನಾವು ಅಳೆದದ್ದು ಜನರ ಮನಸ್ಸನ್ನಲ್ಲ, ಮೂರು ವ್ಯಾಕರಣಗಳನ್ನು. ಇಂಗ್ಲಿಷಿನಿಂದ ಭಾಷಾಂತರಿಸಿದ ಪ್ರಶ್ನಾವಳಿಗೆ ಈ ತೊಡಕು ಕಾಣಿಸುವುದೇ ಇಲ್ಲ.

ಕನ್ನಡದಲ್ಲಿಯೂ ‘ಅದು’ ಎಂಬುದು ಯಾವಾಗಲೂ ಜಡವಸ್ತುವಿನ ಗುರುತಲ್ಲ, ಕೂಸೂ ‘ಅದು’ವೇ. ಮತ್ತೊಂದು ಕಡೆ, ವಾಡಿ, ಶಹಾಬಾದಗಳಂಥ ಕಾರ್ಖಾನೆಯ ಊರುಗಳಲ್ಲಿ ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿಯುವವನು ಅದಕ್ಕೆ ಜೀವವಿದೆಯೆಂದು ಭಾವಿಸುವುದಿಲ್ಲ. ಮರುದಿನ ಅದೇ ಕೈಯಿಂದ ಅದರ ಬೋಲ್ಟುಗಳನ್ನು ಬಿಚ್ಚುತ್ತಾನೆ. ಗೌರವವನ್ನೂ ಸಜೀವತೆಯ ಭಾವನೆಯನ್ನೂ ಒಂದೇ ಎಂದೆಣಿಸುವ ಪರೀಕ್ಷಕನು ಇವನ ವಿಷಯದಲ್ಲಿ ತಪ್ಪು ಅಂಕ ಬರೆಯುವನು.

ಸರ್ವನಾಮಕ್ಕಿಂತ ಕ್ರಿಯಾಪದವನ್ನು, ಅದರಲ್ಲಿಯೂ ಯಂತ್ರವು ನಿಂತಾಗ ಜನರು ಬಳಸುವ ಕ್ರಿಯಾಪದವನ್ನು, ಗಮನಿಸುವುದು ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ. ಪಂಪಸೆಟ್ಟು ನಿಂತರೆ ಈ ಸೀಮೆಯ ರೈತನು ‘ಕೆಟ್ಟದ’ ಎನ್ನುತ್ತಾನೆ. ಮಾತನಾಡುವ ಯಂತ್ರವೊಂದು ನಡುವೆ ನಿಂತಾಗ ಎದುರಿಗಿದ್ದ ಮುದುಕಿಯು ‘ಕೆಟ್ಟದ’ ಎನ್ನುವಳೋ ‘ಸುಮ್ಮನ ಕುಂತದ’ ಎನ್ನುವಳೋ ಎಂಬುದನ್ನು, ಅವಳಿಗೆ ಯಂತ್ರವೇನೆಂದು ಮೊದಲೇ ತಿಳಿಸಿ, ಅನಂತರ ಬರೆದುಕೊಳ್ಳಬೇಕು.