ನಳಿಗೆಯ ಉದ್ದ, ಈಡಿನ ಸದ್ದು

ನಳಿಗೆ ಉದ್ದವಿದ್ದಷ್ಟೂ ಸದ್ದು ಜೋರು ಎಂಬ ಮಾತನ್ನು ನವಲಿ, ಕನಕಗಿರಿ ಕಡೆ ಹಂದಿ-ಕರಡಿ ಕಾಟಕ್ಕೆ ಬಂದೂಕು ಇಟ್ಟುಕೊಂಡವರ ಬಾಯಲ್ಲಿ ಈಗಲೂ ಕೇಳುತ್ತೇನೆ. ಮೋಟು ನಳಿಗೆಯೇ ಲೇಸು ಎಂಬ ಹೊಸ ಚಪಲ ಸಿನಿಮಾದಿಂದ ಬಂದದ್ದು. ಎರಡಕ್ಕೂ ಉತ್ತರ ಸಿಕ್ಕಿ ಬಹಳ ಕಾಲವಾಯಿತು.

ಹಳೆಯ ಕಥೆ ಚಿಕ್ಕದು. ಹಾರುವ ಗುಂಡಿನ ಮುಂದಿನ ಆಘಾತ ತರಂಗದ ಚಿತ್ರವನ್ನು ಮಾಖ್ ಮತ್ತು ಸಾಲ್ಷರ್ 1887ರಲ್ಲಿ ಪ್ರಕಟಿಸಿದರು. 1909ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಸೈಲೆನ್ಸರ್‌ಗೆ ಪೇಟೆಂಟ್ ಪಡೆದ. ಸದ್ದು ಎರಡು ಬಗೆಯದು ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು: ನಳಿಗೆಯ ಬಾಯಿಂದ ನುಗ್ಗುವ ಅನಿಲದ ಸ್ಫೋಟ ಒಂದು, ಸೆಕೆಂಡಿಗೆ ಸುಮಾರು 340 ಮೀಟರ್ ಮೀರಿ ಹಾರುವ ಗುಂಡಿನ ಚಟ್ ಸದ್ದು ಇನ್ನೊಂದು. ಸೈಲೆನ್ಸರ್ ಹಾಕಿದರೂ ಎರಡನೆಯದು ನಿಲ್ಲುವುದಿಲ್ಲ. ಸಿನಿಮಾದವರಿಗೆ ಇದು ಇನ್ನೂ ತಿಳಿದಂತಿಲ್ಲ.

1970ರ ದಶಕದಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯಗಳು ಬಾಯಿಯ ಸ್ಫೋಟವನ್ನು ಬಿಡಿಸಿ ನೋಡಿದವು. ಉದ್ದ ನಳಿಗೆಯಲ್ಲಿ ಅನಿಲ ಹಿಗ್ಗಲು ಜಾಗ ಹೆಚ್ಚು, ಹೊರಬೀಳುವಾಗ ಒತ್ತಡ ಕಡಿಮೆ. ಮೋಟು ಮಾಡಿದರೆ ಒತ್ತಡ ಉಳಿದೇ ಹೊರಬೀಳುತ್ತದೆ, ಉರಿಯದ ಮದ್ದು ಬಾಯಲ್ಲೇ ಭಗ್ಗೆನ್ನುತ್ತದೆ. ರೈಫಲ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 12 ಬೋರ್ ಬಂದೂಕಿನಲ್ಲಿ ಒತ್ತಡ ಬೇಗ ಇಳಿಯುವುದರಿಂದ ಅಷ್ಟಿಲ್ಲ.

ಆದರೆ ಅಂಥ ಅಳತೆಯಲ್ಲಿ ಮೈಕ್ ಇರುವುದು ಸಾಮಾನ್ಯವಾಗಿ ನಳಿಗೆಯ ಬಾಯಿಯ ಪಕ್ಕ. ಹಾರಿಸುವವನ ಕಿವಿ ಅಲ್ಲಿರುವುದಿಲ್ಲ. ಮೈಕನ್ನು ಕಿವಿಯ ಬಳಿ ತಂದದ್ದು ಶ್ರವಣಶಾಸ್ತ್ರದವರು. ನಾನು ಆ ಪಂಕ್ತಿಯವನು, ಪಕ್ಷಪಾತವಿದ್ದರೆ ಇರಲಿ. ಲೆಕ್ಕ ಸರಳ. ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಕಿವಿಯಿಂದ ಒಂದು ಮೀಟರ್ ದೂರವಿದ್ದ ಬಾಯಿ, ನಳಿಗೆ ಮೋಟಾಗಿ, 70 ಸೆಂಟಿಮೀಟರ್‌ಗೆ ಬಂದರೆ ಬರೀ ದೂರದ ಬಾಬ್ತಿಗೇ ಸುಮಾರು 3 ಡೆಸಿಬೆಲ್ ಹೆಚ್ಚು. ಒತ್ತಡದ ಪಾಲು ಬೇರೆ. ಕಿವಿಗೆ ಅಪಾಯದ ಗೆರೆ ಎಂದು ಹಾಕಿದ 140 ಡೆಸಿಬೆಲ್ಲನ್ನು ಉದ್ದ ನಳಿಗೆಯ 12 ಬೋರ್ ಕೂಡ ದಾಟಿರುತ್ತದೆ. ಹಾಗಾಗಿ ಉದ್ದ ನಳಿಗೆಯೂ ಕಿವಿ ಕಾಯುವುದಿಲ್ಲ, ಸ್ವಲ್ಪ ಕಡಿಮೆ ಕೆಡಿಸುತ್ತದೆ, ಅಷ್ಟೆ.

ಕಿವಿ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್ ನೋಡಿದರೆ ಬಂದೂಕು ಯಾವ ಕೈಯದೆಂದು ಗೊತ್ತಾಗುತ್ತದೆ. ಬಲಭುಜಕ್ಕೆ ಬಂದೂಕು ಒತ್ತಿದವನ ಎಡಗಿವಿ ನಳಿಗೆಯ ಬಾಯಿಯತ್ತ ತಿರುಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಗೆರೆ 4000 ಹರ್ಟ್ಸ್ ಸುತ್ತ ಎಡಗಡೆ ಹೆಚ್ಚು ಕುಸಿಯುತ್ತದೆ. ಮಾತು ಕೇಳಿಸುತ್ತದೆ, ಪದ ಬಿಡಿಸಿ ತಿಳಿಯುವುದಿಲ್ಲ. ಮನೆಯವರು ಅದನ್ನು ವಯಸ್ಸಿನ ತಲೆಗೆ ಕಟ್ಟುತ್ತಾರೆ.

ಬಂದೂಕು ಕೆಡಿಸಿದ ಕಿವಿಯ ಅಧ್ಯಯನಗಳಲ್ಲಿ ಸೈನಿಕನಿದ್ದಾನೆ, ಪೊಲೀಸನಿದ್ದಾನೆ, ಕ್ರೀಡಾಪಟುವಿದ್ದಾನೆ. ಬೆಳೆ ಕಾಯುವ ರೈತ ಅಪರೂಪ. ಕೊಡಗಿನ ಕೋವಿಯ ಬಗ್ಗೆಯೂ ಹಬ್ಬ, 2029ರವರೆಗಿನ ಲೈಸೆನ್ಸ್ ವಿನಾಯಿತಿ ಎಂದು ಬರೆದದ್ದಕ್ಕೆ ಲೆಕ್ಕವಿಲ್ಲ, ಹಿಡಿದವನ ಕಿವಿ ಯಾರಿಗೂ ಬೇಡ. ಪರವಾನಗಿಯಿಲ್ಲದೆ ನಳಿಗೆ ಕತ್ತರಿಸಬಾರದೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಅದೂ ಕಿವಿ ನೆನೆದು ಬರೆದದ್ದಲ್ಲ. ಲೈಸೆನ್ಸ್ ಈಗ 5 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಆ ಅರ್ಜಿಯ ಜೊತೆ ಒಂದು ಆಡಿಯೋಗ್ರಾಮ್ ಕೇಳಿದರೆ, ರೈತನಿಗೆ ತನ್ನ ಕಿವಿಯ ಸ್ಥಿತಿ ತಿಳಿಯುತ್ತದೆ, ನಮಗೆ ರೈತರ ಬಂದೂಕಿನ ಲೆಕ್ಕ ಸಿಗುತ್ತದೆ.