ಅರಳಿ ಕಟ್ಟೆಯ ಹೊಸಬರು

ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳನ್ನು ಬಯಸಿ ವಿಜಯನಗರದ ಒಂದನೆಯ ದೇವರಾಯ ದಂಡು ಕಳಿಸಿದ, ಅದರಿಂದಲೇ 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹನೊಡನೆ ಯುದ್ಧವಾಯಿತು ಎಂಬ ಕಥೆಯಿದೆ. ಇದನ್ನು ಹೇಳಿದವನು ಫಿರಿಶ್ತಾ. ಅವನು ಬಿಜಾಪುರದ ಆದಿಲಶಾಹಿ ಆಶ್ರಯದಲ್ಲಿದ್ದು ಬರೆದದ್ದು ಸುಮಾರು 200 ವರ್ಷ ಕಳೆದ ಮೇಲೆ.

ಮುದಗಲ್ಲಿನ ಕಾಲೇಜು ಹುಡುಗಿಯೊಬ್ಬಳು ಈ ಕಥೆಯನ್ನು ಕನ್ನಡ ವಿಕಿಪೀಡಿಯದಲ್ಲಿ ನಡೆದ ಸಂಗತಿಯೆಂದೇ, ಆಕರವಿಲ್ಲದೆ ಬರೆದಳೆನ್ನಿ. ಅನುಭವಿ ಸಂಪಾದಕರಿಗೆ ಎರಡು ದಾರಿ. ಒಂದು, ಅಳಿಸಿಬಿಡುವುದು; ಅದಕ್ಕೆ ಅರೆಕ್ಷಣ ಸಾಕು. ಇನ್ನೊಂದು, ‘ಫಿರಿಶ್ತಾನ ಪ್ರಕಾರ’ ಎಂದು ಸೇರಿಸಿ, ಕಾರಣವನ್ನು ಅವಳ ಚರ್ಚೆಪುಟದಲ್ಲಿ ಬರೆಯುವುದು. ಎರಡರಲ್ಲೂ ಲೇಖನದ ತಪ್ಪು ಸರಿಹೋಗುತ್ತದೆ. ಆದರೆ ಮೊದಲನೆಯದರಲ್ಲಿ ಅವಳ ಸಾಲು ಪುಟದ ಇತಿಹಾಸದಲ್ಲಿ ಉಳಿದೀತು, ಅವಳು ಉಳಿಯುವುದು ಅನುಮಾನ.

ವಿಕಿಪೀಡಿಯ ಶುರುವಾದದ್ದು 2001ರಲ್ಲಿ, ಕನ್ನಡದ್ದು 2003ರಲ್ಲಿ. ಆಗ ಕಂಪ್ಯೂಟರಿನಲ್ಲಿ ಕನ್ನಡ ಯೂನಿಕೋಡ್ ಅಕ್ಷರ ಮೂಡಿಸುವುದೇ ಒಂದು ಸಾಹಸವಾಗಿತ್ತು. ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಇಲ್ಲಿ ‘ಅರಳಿ ಕಟ್ಟೆ’ ಎಂದು ಹೆಸರು. ಇಂಗ್ಲಿಷಿನಲ್ಲಿ ಅದು ಊರಿನ ನೀರಿನ ಪಂಪು. ಪಂಪಿನ ಬಳಿ ಕೊಡ ತುಂಬುವವರೆಗೆ ಮಾತು. ಕಟ್ಟೆಯ ಮೇಲೆ ಹೊಸಬರಿಗೆ ತುಸು ಸರಿದು ಜಾಗ ಕೊಡುವುದು ವಾಡಿಕೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರ ತನಕ ಏರಿ ಆಮೇಲೆ ಇಳಿಯಿತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಇದರ ಕಾರಣ ಹುಡುಕಿದರು. ಕಿಡಿಗೇಡಿಗಳನ್ನು ತಡೆಯಲೆಂದು ಬಂದ ನಿಯಮ, ಉಪಕರಣಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರನ್ನೂ ಹಿಮ್ಮೆಟ್ಟಿಸಿದ್ದು ಕಂಡಿತು. ಸಂಪಾದಕರು ಕೆಲವೇ ಮಂದಿ ಇರುವ ಕನ್ನಡಕ್ಕೆ ಇಂಥ ನಷ್ಟ ಇನ್ನೂ ಭಾರ.

ನಮ್ಮ ಕಡೆಗೆ ಮತ್ತೊಂದು ತೊಡಕಿದೆ. ಮುದಗಲ್ಲಿನ ಕೋಟೆ, ಮೊಹರಂ ಕುರಿತು ಹಿರಿಯರ ಬಾಯಲ್ಲಿ ಬೇಕಾದಷ್ಟಿದೆ. ವಿಕಿಪೀಡಿಯ ಕೇಳುವುದು ಪ್ರಕಟವಾದ ಆಕರ. ಹೊಸಬರಿಗೆ ‘ಸುಸ್ವಾಗತ’ ಎಂಬ ಸಿದ್ಧ ಸಂದೇಶಕ್ಕಿಂತ, ಜಿಲ್ಲಾ ಗ್ಯಾಸೆಟಿಯರ್, ಶಾಸನ ಸಂಪುಟಗಳನ್ನು ನೋಡುವ ಬಗೆ ಹೇಳಿಕೊಡುವುದೇ ನಿಜವಾದ ಸ್ವಾಗತ.

ಸಂಶೋಧನೆಯ ಮೊದಲ ವರ್ಷ ನಾನೂ ಅಕ್ಕಸಾಲಿಗನ ಮಗಳ ಕಥೆಯನ್ನು ನಡೆದದ್ದೆಂದೇ ಬರೆದಿದ್ದೆ. ಮಾರ್ಗದರ್ಶಕರು ಅದನ್ನು ಹೊಡೆದುಹಾಕಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾರು ಹೇಳಿದ್ದು? ಯಾವಾಗ?’ ಎಂದಷ್ಟೇ ಬರೆದರು. ನಾನು ಫಿರಿಶ್ತಾನನ್ನು ಓದಿದ್ದು ಆಮೇಲೆ.